ಐವತ್ತು ತಲೆಮಾರಿನಲ್ಲಿ ಬಣ್ಣ ಬದಲಿಸಿದ ಪತಂಗ

ಜೀವವಿಕಾಸ ಎಂದಕೂಡಲೇ ಲಕ್ಷ ವರ್ಷ, ಕೋಟಿ ವರ್ಷ ಎಂಬ ಮಾತೇ ಮೊದಲು ಬರುತ್ತದೆ. ಚಾರ್ಲ್ಸ್ ಡಾರ್ವಿನ್ ತಿಳಿದಿದ್ದೂ ಹಾಗೆಯೇ: ನಿಸರ್ಗದ ಆಯ್ಕೆ ಎಷ್ಟು ನಿಧಾನವೆಂದರೆ ಅದು ನಡೆಯುವುದು ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ, ಅದರ ಫಲ ಮಾತ್ರ ಕಾಣುತ್ತದೆ. 1878ರ ನವೆಂಬರಿನಲ್ಲಿ ಆಲ್ಬರ್ಟ್ ಫಾರ್ನ್ ಎಂಬ ಪತಂಗ ಸಂಗ್ರಾಹಕರು ಅವರಿಗೊಂದು ಪತ್ರ ಬರೆದರು. ಇಂಗ್ಲೆಂಡಿನ ಲೂಯಿಸ್ ಪಟ್ಟಣದ ಹತ್ತಿರ, ಬಿಳಿ ಸೀಮೆಸುಣ್ಣದ ಇಳಿಜಾರುಗಳಲ್ಲಿ ಆನ್ಯುಲೆಟ್ ಎಂಬ ಪತಂಗ ಮೊದಲು ಬೆಳ್ಳಗಿರುತ್ತಿತ್ತು. ಸುಣ್ಣದ ಭಟ್ಟಿಗಳ ಹೊಗೆಯಿಂದ ಅಲ್ಲಿನ ಹುಲ್ಲು ಕಪ್ಪಾದ ಮೇಲೆ ಕಪ್ಪು ಪತಂಗಗಳೇ ಹೆಚ್ಚಾಗಿ ಸಿಗುತ್ತಿವೆ, ಇದು ನೀವು ಹೇಳುವ ಯೋಗ್ಯರ ಉಳಿವೇ ಇರಬಹುದೇ ಎಂದು ಫಾರ್ನ್ ಕೇಳಿದ್ದರು. ಡಾರ್ವಿನ್ ಇದಕ್ಕೆ ಉತ್ತರ ಬರೆದ ದಾಖಲೆ ಈವರೆಗೆ ಸಿಕ್ಕಿಲ್ಲ.

ಆ ಪತ್ರದಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಹೆಣೆದುಕೊಂಡಿದ್ದವು. ಹೊಸ ಗುಣವನ್ನು ಆರಿಸಿ ಉಳಿಸುವವರು ಯಾರು? ಅಷ್ಟು ಬೇಗ ಬೇಕಾದ ಆ ಗುಣ ಬರುವುದಾದರೂ ಎಲ್ಲಿಂದ? ಮೊದಲ ಪ್ರಶ್ನೆಗೆ ಈಗ ಬಹುಮಟ್ಟಿಗೆ ಗಟ್ಟಿ ಉತ್ತರವಿದೆ. ಎರಡನೆಯದರ ಬಗ್ಗೆ ವಿಜ್ಞಾನಿಗಳಲ್ಲಿ ನಾಲ್ಕು ಬಗೆಯ ವಿಚಾರಗಳಿವೆ, ನಾಲ್ಕಕ್ಕೂ ಪತಂಗಗಳೇ ಸಾಕ್ಷಿ. ಇದು ಪ್ರಯೋಗಶಾಲೆಯ ಪಂಡಿತರಿಗೆ ಮಾತ್ರ ಬೇಕಾದ ಚರ್ಚೆ ಎಂದು ನನಗೆ ಅನ್ನಿಸುವುದಿಲ್ಲ. ಹೊಸ ಗುಣ ಬರುವ ದಾರಿ ಗೊತ್ತಿದ್ದರೆ ಮಾತ್ರ ಅದನ್ನು ತಡೆಯುವ ದಾರಿಯನ್ನೂ ಹುಡುಕಬಹುದು. ಹತ್ತಿ ಬೆಳೆಯುವ ರೈತ ಇದನ್ನು ಈಗಾಗಲೇ ನಷ್ಟದ ಮೂಲಕ ಕಲಿತಿದ್ದಾನೆ.

ಮ್ಯಾಂಚೆಸ್ಟರಿನ ಕರಿ ಪತಂಗ

ಚರ್ಚೆಯ ಕೇಂದ್ರದಲ್ಲಿರುವುದು ಬಿಸ್ಟನ್ ಬೆಟುಲೇರಿಯ, ಅಂದರೆ ಪೆಪ್ಪರ್ಡ್ ಮಾತ್. ಬಿಳಿ ರೆಕ್ಕೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು. ಹಗಲೆಲ್ಲ ಮರಕ್ಕೆ ಅಂಟಿಕೊಂಡು ಅಲುಗಾಡದೆ ಕೂರುತ್ತದೆ, ರಾತ್ರಿ ಹಾರುತ್ತದೆ, ವರ್ಷಕ್ಕೆ ಒಂದೇ ತಲೆಮಾರು. ಕಲ್ಲುಹೂ ಬೆಳೆದ ತೊಗಟೆಯ ಮೇಲೆ ಅದು ಕೂತರೆ ಕಣ್ಣು ಕಿರಿದು ಮಾಡಿ ಹುಡುಕಬೇಕು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದೇ ಪತಂಗದ ಪೂರ್ತಿ ಕಪ್ಪಾದ ರೂಪವೊಂದು ಸಿಕ್ಕಿತು. ಗಿರಣಿಗಳ ಹೊಗೆ ಕಲ್ಲುಹೂಗಳನ್ನು ಕೊಂದು ತೊಗಟೆಗೆ ಮಸಿ ಬಳಿದಿದ್ದ ಕಾಲ ಅದು. 1895ರ ಹೊತ್ತಿಗೆ ಅದೇ ಪ್ರದೇಶದಲ್ಲಿ ಶೇ 98ರಷ್ಟು ಪತಂಗಗಳು ಕಪ್ಪಾಗಿದ್ದವು. ಐವತ್ತು ತಲೆಮಾರು ಕೂಡ ಆಗಿರಲಿಲ್ಲ.

1896ರಲ್ಲಿ ಜೆ.ಡಬ್ಲ್ಯು. ಟಟ್ ಎಂಬ ಕೀಟತಜ್ಞರು ಸರಳವಾದ ವಿವರಣೆ ಕೊಟ್ಟರು: ಮಸಿ ಹಿಡಿದ ಮರದ ಮೇಲೆ ಬಿಳಿ ಪತಂಗ ಹಕ್ಕಿಯ ಕಣ್ಣಿಗೆ ಎದ್ದು ಕಾಣುತ್ತದೆ, ಕಪ್ಪು ಪತಂಗ ತಪ್ಪಿಸಿಕೊಳ್ಳುತ್ತದೆ. ಆಗ ಬಹಳ ಮಂದಿ ಒಪ್ಪಲಿಲ್ಲ, ಹಕ್ಕಿಗಳು ಪತಂಗ ತಿನ್ನುವುದನ್ನು ತಾವು ನೋಡಿಯೇ ಇಲ್ಲ ಎಂದರು. 1920ರ ದಶಕದಲ್ಲಿ ಹೆಸ್ಲಪ್ ಹ್ಯಾರಿಸನ್ ಬೇರೆಯದೇ ದಾರಿ ಹಿಡಿದರು. ಸೀಸ ಮತ್ತು ಮ್ಯಾಂಗನೀಸ್ ಲವಣ ಬೆರೆಸಿದ ಎಲೆಗಳನ್ನು ಕಂಬಳಿಹುಳುಗಳಿಗೆ ತಿನ್ನಿಸಿ, ಹೊಗೆಯ ರಾಸಾಯನಿಕಗಳೇ ಕಪ್ಪು ಬಣ್ಣವನ್ನು ಹುಟ್ಟಿಸುತ್ತವೆ ಎಂದು ವಾದಿಸಿದರು. ಆ ಫಲಿತಾಂಶವನ್ನು ಬೇರೆಯವರು ಮತ್ತೆ ಪಡೆಯಲಾಗಲಿಲ್ಲ, ವಾದ ಬಿದ್ದುಹೋಯಿತು.

ಇಷ್ಟರಲ್ಲಿ, 1924ರಲ್ಲಿ, ಜೆ.ಬಿ.ಎಸ್. ಹಾಲ್ಡೇನ್ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ್ದರು. ಇಷ್ಟು ಬೇಗ ಕಪ್ಪು ರೂಪ ಹರಡಬೇಕಾದರೆ ಬಿಳಿ ಪತಂಗ ಎರಡು ಮರಿ ಉಳಿಸಿದಲ್ಲಿ ಕಪ್ಪು ಪತಂಗ ಮೂರು ಉಳಿಸಿರಬೇಕು ಎಂಬುದು ಅವರ ಲೆಕ್ಕದ ತಾತ್ಪರ್ಯ. ಆ ಕಾಲದವರಿಗೆ ಇದು ನಂಬಲಾಗದಷ್ಟು ದೊಡ್ಡ ಅಂತರ. ಹಾಲ್ಡೇನ್ ಆಮೇಲೆ ಭಾರತಕ್ಕೆ ಬಂದು ಇಲ್ಲಿನ ಪೌರರೇ ಆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಆ ಲೆಕ್ಕ ಒಂದು ಮೂಲಪಾಠವನ್ನು ಕೊಟ್ಟಿತು: ಒತ್ತಡ ಸಾಕಷ್ಟು ಬಲವಾಗಿದ್ದರೆ ವಿಕಾಸಕ್ಕೆ ಶತಮಾನಗಳು ಬೇಕಿಲ್ಲ.

ಆರಿಸಿದ್ದು ಹಕ್ಕಿಯೇ?

ಹಾಲ್ಡೇನರ ಲೆಕ್ಕಕ್ಕೆ ಕಾಡಿನ ಪುರಾವೆ ಒದಗಿಸಲು ಹೊರಟವರು ಆಕ್ಸ್‌ಫರ್ಡಿನ ಬರ್ನಾರ್ಡ್ ಕೆಟಲ್‌ವೆಲ್. 1953ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಮಸಿಗಟ್ಟಿದ ಕಾಡಿನಲ್ಲಿ ಗುರುತು ಹಾಕಿದ ಪತಂಗಗಳನ್ನು ಬಿಟ್ಟು ಮತ್ತೆ ಹಿಡಿದರು. ಕಪ್ಪಿನವು ಶೇ 27ರಷ್ಟು ಮರಳಿ ಸಿಕ್ಕವು, ಬಿಳಿಯವು ಶೇ 13ರಷ್ಟು. 1955ರಲ್ಲಿ ಡಾರ್ಸೆಟ್ಟಿನ ಶುಭ್ರ ಕಾಡಿನಲ್ಲಿ ಫಲಿತಾಂಶ ತಲೆಕೆಳಗಾಯಿತು. ಹಕ್ಕಿಗಳು ಪತಂಗ ಹೆಕ್ಕುವುದನ್ನು ನಿಕೊ ಟಿನ್‌ಬರ್ಗೆನ್ ಚಿತ್ರೀಕರಿಸಿಕೊಂಡರು. ಪಠ್ಯಪುಸ್ತಕಗಳಿಗೆ ಇದಕ್ಕಿಂತ ಅಂದವಾದ ಉದಾಹರಣೆ ಬೇಕಿರಲಿಲ್ಲ.

ಆದರೆ ಪ್ರಯೋಗದಲ್ಲಿ ಲೋಪಗಳಿದ್ದವು. ಕೆಟಲ್‌ವೆಲ್ ಪತಂಗಗಳನ್ನು ಹಗಲಿನಲ್ಲಿ, ಕಾಂಡಗಳ ಮೇಲೆ, ಸಹಜಕ್ಕಿಂತ ಒತ್ತೊತ್ತಾಗಿ ಬಿಟ್ಟಿದ್ದರು. ಸಾಕಿದ ಪತಂಗಗಳ ಜೊತೆ ಹಿಡಿದು ತಂದವನ್ನೂ ಬೆರೆಸಿದ್ದರು. ಪುಸ್ತಕಗಳಲ್ಲಿ ಬರುವ ಚಿತ್ರಗಳಲ್ಲಿ ಕೆಲವು ಸತ್ತ ಪತಂಗಗಳನ್ನು ಮರಕ್ಕೆ ಅಂಟಿಸಿ ತೆಗೆದವು. 1998ರಲ್ಲಿ ಮೈಕೇಲ್ ಮಜೆರಸ್ ತಮ್ಮ ಪುಸ್ತಕದಲ್ಲಿ ಈ ಲೋಪಗಳನ್ನು ಪ್ರಾಮಾಣಿಕವಾಗಿ ಎತ್ತಿ ತೋರಿಸಿದಾಗ ವಿಕಾಸವಾದದ ವಿರೋಧಿಗಳು ಅದನ್ನೇ ಹಿಡಿದು ಇಡೀ ಕಥೆಯೇ ಸುಳ್ಳೆಂದು ಸಾರಿದರು.

ಮಜೆರಸ್ ಮಾತಿನಲ್ಲಿ ವಾದಿಸುತ್ತ ಕೂರಲಿಲ್ಲ. 2001ರಿಂದ ಕೇಂಬ್ರಿಜ್ ಬಳಿಯ ತಮ್ಮ ತೋಟದಲ್ಲಿ ಹೊಸ ಪ್ರಯೋಗ ಶುರುಮಾಡಿದರು. ಮೊದಲು ಮರ ಹತ್ತಿ, ಪತಂಗಗಳು ಹಗಲಿನಲ್ಲಿ ನಿಜವಾಗಿ ಕೂರುವುದೆಲ್ಲಿ ಎಂದು ನೋಡಿದರು. ಸುಮಾರು ಅರ್ಧದಷ್ಟು ಕೊಂಬೆಗಳಲ್ಲಿ, ಮೂರನೇ ಒಂದಕ್ಕಿಂತ ತುಸು ಹೆಚ್ಚು ಕಾಂಡದ ಮೇಲೆ, ಉಳಿದವು ಸಣ್ಣ ರೆಂಬೆಗಳಲ್ಲಿ. ಆಮೇಲೆ ರಾತ್ರಿ ಹೊತ್ತು, ಅವೇ ಜಾಗ ಆರಿಸಿಕೊಳ್ಳಲು ಬಿಟ್ಟು, ಬೆಳಿಗ್ಗೆ ಕಿಟಕಿಯಿಂದ ದುರ್ಬೀನು ಹಿಡಿದು ಕಾದರು. ರಾಬಿನ್, ಬ್ಲ್ಯಾಕ್‌ಬರ್ಡ್, ಮ್ಯಾಗ್‌ಪೈ ಮುಂತಾದ ಹಕ್ಕಿಗಳು ಪತಂಗ ಹೆಕ್ಕುವುದನ್ನು ಕಣ್ಣಾರೆ ಕಂಡು ಬರೆದಿಟ್ಟರು. ಆರು ವರ್ಷಗಳಲ್ಲಿ ಬಿಟ್ಟ ಪತಂಗಗಳು 4,864. ಗಾಳಿ ಶುಭ್ರವಾಗಿದ್ದ ಆ ಜಾಗದಲ್ಲಿ ಕಪ್ಪು ಪತಂಗ ದಿನವೊಂದನ್ನು ದಾಟುವ ಸಾಧ್ಯತೆ ಬಿಳಿಯದಕ್ಕಿಂತ ಸುಮಾರು ಶೇ 9ರಷ್ಟು ಕಡಿಮೆ. ಮಜೆರಸ್ 2009ರಲ್ಲಿ ತೀರಿಕೊಂಡರು. ಸಹೋದ್ಯೋಗಿಗಳು 2012ರಲ್ಲಿ ಆ ಫಲಿತಾಂಶವನ್ನು ಪ್ರಕಟಿಸಿದರು. ಹಕ್ಕಿಯ ಪಾತ್ರದ ಬಗ್ಗೆ ಗಂಭೀರ ಸಂಶಯಕ್ಕೆ ಇನ್ನು ಎಡೆಯಿಲ್ಲ ಎಂಬುದು ನನ್ನ ತೀರ್ಮಾನ.

ಇನ್ನೊಂದು ಪುರಾವೆ ಸದ್ದಿಲ್ಲದೆ ಬೆಳೆದದ್ದು. ತಾಯಿ ಮಗುವಿನ ಆರ್‌ಎಚ್ ರಕ್ತದ ತೊಡಕನ್ನು ತಡೆಯುವ ಚಿಕಿತ್ಸೆಗೆ ಹೆಸರಾದ ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್ 1959ರಿಂದ ವಿರಾಲ್ ಪ್ರದೇಶದ ಕ್ಯಾಲ್ಡಿ ಕಾಮನ್‌ನಲ್ಲಿ ಪತಂಗದ ಬಲೆ ಇಟ್ಟು ಪ್ರತಿವರ್ಷ ಎಣಿಸಿದರು. ಆರಂಭದಲ್ಲಿ ಶೇ 90ಕ್ಕೂ ಹೆಚ್ಚು ಕಪ್ಪು. 1956ರ ಶುದ್ಧ ಗಾಳಿ ಕಾಯ್ದೆ ಜಾರಿಯಾಗಿ ಹೊಗೆ ಕಡಿಮೆಯಾದಂತೆ ಅವು ಕುಸಿದು, 2002ರ ಹೊತ್ತಿಗೆ ಶೇ 10ಕ್ಕೂ ಕೆಳಗಿಳಿದವು. ಅಮೆರಿಕದ ಮಿಷಿಗನ್‌ನಲ್ಲೂ ಇದೇ ಇಳಿಮುಖವನ್ನು ಬ್ರೂಸ್ ಗ್ರಾಂಟ್ ದಾಖಲಿಸಿದರು. ಅವರ ಒಂದು ಆಕ್ಷೇಪ ಮಾತ್ರ ಇನ್ನೂ ಜೀವಂತವಾಗಿದೆ. ಕಲ್ಲುಹೂಗಳು ಮರಳುವ ಮೊದಲೇ ಹಲವೆಡೆ ಬಿಳಿ ಪತಂಗ ಮರಳಿದೆ. ಹಾಗಾದರೆ ಮರೆಮಾಡುವುದು ಕಲ್ಲುಹೂವೋ, ಮಸಿ ತೊಳೆದುಹೋದ ತೊಗಟೆಯೋ?

ಒಂದೇ ಏಟಿನ ಬದಲಾವಣೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮೊದಲ ಪಂಥದ ವಾದ: ಅಪರೂಪಕ್ಕೆ ಹುಟ್ಟುವ ಒಂದೇ ಒಂದು ದೊಡ್ಡ ಉತ್ಪರಿವರ್ತನೆ ಸಾಕು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಇಲಿಕ್ ಸಾಕೆರಿ ಅವರ ತಂಡ 2011ರಲ್ಲಿ ಕಪ್ಪು ಬಣ್ಣದ ಮೂಲವನ್ನು 17ನೇ ವರ್ಣತಂತುವಿಗೆ ಸೀಮಿತಗೊಳಿಸಿತು. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಬದಲಾವಣೆಯನ್ನೇ ತೋರಿಸಿತು. ಕಾರ್ಟೆಕ್ಸ್ ಎಂಬ ವಂಶವಾಹಿಯ ಒಳಗೆ ಸುಮಾರು 22,000 ಅಕ್ಷರಗಳಷ್ಟು ಉದ್ದದ, ಜಾಗದಿಂದ ಜಾಗಕ್ಕೆ ನೆಗೆಯುವ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿತ್ತು. ಸುತ್ತಲಿನ ಡಿಎನ್‌ಎ ಎಷ್ಟು ಚದುರಿದೆ ಎಂಬ ಆಧಾರದ ಮೇಲೆ ಲೆಕ್ಕ ಹಾಕಿದಾಗ ಅದು ಸೇರಿದ್ದು ಸುಮಾರು 1819ರಲ್ಲಿ. ಕೈಗಾರಿಕಾ ಕ್ರಾಂತಿಯ ನಡುವಿನಲ್ಲಿ ಒಂದು ಪತಂಗದಲ್ಲಿ ಒಮ್ಮೆ ನಡೆದ ಅವಘಡ ಬ್ರಿಟನ್ನಿನ ಎಲ್ಲ ಕರಿ ಪತಂಗಗಳ ಮೂಲವಾಯಿತು.

ಇದು ತೃಪ್ತಿ ಕೊಡುವ ಉತ್ತರ. ಬಣ್ಣ ಒಮ್ಮೆಲೇ ಬದಲಾದದ್ದನ್ನೂ ಅದು ಇಷ್ಟು ಶುದ್ಧವಾಗಿ ಹರಡಿದ್ದನ್ನೂ ವಿವರಿಸುತ್ತದೆ. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಅದೇ ಕಾಲದಲ್ಲಿ ಕಪ್ಪಾದ ಇನ್ನೆರಡು ಪತಂಗ ಪ್ರಭೇದಗಳನ್ನು ಪರೀಕ್ಷಿಸಿದಾಗ, 2019ರಲ್ಲಿ, ಅವುಗಳ ಕಪ್ಪಿನ ಮೂಲವೂ ಡಿಎನ್‌ಎಯ ಇದೇ ಭಾಗದಲ್ಲಿ ಸಿಕ್ಕಿತು. ಅಂದಮೇಲೆ ಇದು ಬರೀ ಅದೃಷ್ಟವಲ್ಲ, ಆ ಜಾಗದಲ್ಲಿ ಬದಲಾವಣೆಗೆ ಅನುಕೂಲವಾದ ಏನೋ ಇದೆ. ಮತ್ತೆ 2024ರಲ್ಲಿ ಚಿಟ್ಟೆಗಳ ಮೇಲೆ ನಡೆದ ಅಧ್ಯಯನಗಳು ಬಣ್ಣದ ನಿಜವಾದ ಒಡೆಯ ಕಾರ್ಟೆಕ್ಸ್ ಅಲ್ಲ, ಅದರ ಪಕ್ಕದಲ್ಲಿದ್ದು ಪ್ರೋಟೀನನ್ನೇ ತಯಾರಿಸದ ಐವರಿ ಎಂಬ ಆರ್‌ಎನ್‌ಎ ಮತ್ತು ಅದರಿಂದ ಹೊರಡುವ ಪುಟ್ಟ ಆರ್‌ಎನ್‌ಎ ಎಂದು ತೋರಿಸಿದವು. ಪತಂಗದಲ್ಲಿ ನೆಗೆದು ಬಂದ ಆ ತುಂಡು ಇವನ್ನು ಹೇಗೆ ಕದಲಿಸುತ್ತದೆ ಎಂಬುದನ್ನು ಇನ್ನೂ ಬಿಡಿಸಬೇಕಿದೆ.

ಮೊದಲೇ ಅಡಗಿದ್ದ ಭೇದ

ಎರಡನೆಯ ಪಂಥ ಹೊಸ ಉತ್ಪರಿವರ್ತನೆಗಾಗಿ ಕಾಯುವುದಿಲ್ಲ. ದೊಡ್ಡ ಸಂಖ್ಯೆಯ ಜೀವಿಗಳಲ್ಲಿ ಉಪಯೋಗಕ್ಕೆ ಬಾರದ ಎಷ್ಟೋ ಭೇದಗಳು ಮೊದಲೇ ಅಡಗಿ ಕೂತಿರುತ್ತವೆ, ಪರಿಸರ ಬದಲಾದಾಗ ಅವೇ ಮೇಲೆದ್ದು ಬರುತ್ತವೆ ಎಂಬುದು ಅದರ ನಿಲುವು. ಇದಕ್ಕೆ ನಮ್ಮ ದೇಶದ ಹತ್ತಿ ಹೊಲಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಇಲ್ಲ.

ಗುಲಾಬಿ ಕಾಯಿಕೊರಕವೂ ಒಂದು ಪತಂಗದ ಮರಿಯೇ. ಮೊಟ್ಟೆಯೊಡೆದ ಹುಳು ಎಳೆ ಕಾಯಿಯನ್ನು ಕೊರೆದು ಒಳಗೆ ಸೇರುತ್ತದೆ, ತೂತು ಮುಚ್ಚಿಹೋಗುತ್ತದೆ. ಒಳಗೆ ಬೀಜದಿಂದ ಬೀಜಕ್ಕೆ ತಿನ್ನುತ್ತ ಸಾಗುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಒಡೆದು ನೋಡಿದಾಗಲೇ ನಷ್ಟ ಗೊತ್ತಾಗುವುದು. ಔಷಧಿ ಹೊಡೆದರೂ ಒಳಗಿನ ಹುಳುವಿಗೆ ತಲುಪುವುದಿಲ್ಲ. ಹೀಗಾಗಿ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ, ಗಿಡವೇ ವಿಷವನ್ನು ತಯಾರಿಸಿಕೊಳ್ಳುವ ಆ ತಂತ್ರ ವರದಾನದಂತೆ ಕಂಡಿತು. 2006ರಲ್ಲಿ ಎರಡು ವಿಷಗಳ ತಳಿ ಬಂತು. 2010ರಲ್ಲಿ, ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಹುಳು ಮೊದಲ ವಿಷಕ್ಕೆ ನಿರೋಧ ಬೆಳೆಸಿಕೊಂಡಿದೆ ಎಂದು ತಂತ್ರಜ್ಞಾನದ ಕಂಪನಿಯೇ ಪ್ರಕಟಿಸಿತು. ಮುಂದೆ ಎರಡನೆಯ ವಿಷವೂ ಸೋತಿತು. ರಾಯಚೂರು ಕಡೆಯ ಹೊಲಗಳಲ್ಲೂ ಬಿಟಿ ಕಾಯಿಯೊಳಗೇ ಹುಳು ಸುಖವಾಗಿ ಬೆಳೆಯತೊಡಗಿತು. ವರ್ಷಕ್ಕೆ ನಾಲ್ಕಾರು ತಲೆಮಾರು ಹುಟ್ಟುವ ಈ ಪತಂಗಕ್ಕೆ ಹತ್ತು ವರ್ಷವೆಂದರೆ ಮ್ಯಾಂಚೆಸ್ಟರಿನ ಪತಂಗದ ಅರ್ಧ ಶತಮಾನದಷ್ಟೇ.

ಮೊದಲ ವಿಷ ಕೆಲಸ ಮಾಡಬೇಕಾದರೆ ಹುಳುವಿನ ಕರುಳಿನ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳಬೇಕು. ಭಾರತದ ಹುಳುಗಳಲ್ಲಿ ಆ ವಂಶವಾಹಿ ಒಂದಲ್ಲ, ಹಲವು ಬಗೆಯಲ್ಲಿ ಮುರಿದಿರುವುದನ್ನು 2014ರ ಅಧ್ಯಯನವೊಂದು ಕಂಡಿತು. ಕರಿ ಪತಂಗದಂತೆ ಒಂದೇ ಮೂಲವಿದ್ದಿದ್ದರೆ ಒಂದೇ ಬಗೆಯ ಮುರಿತ ಎಲ್ಲೆಡೆ ಸಿಗಬೇಕಿತ್ತು. ಬೇರೆ ಬೇರೆ ಮುರಿತಗಳು ಅಲ್ಲಲ್ಲಿ ತಾವಾಗಿಯೇ ಮೇಲೆದ್ದಿವೆ ಎಂಬುದೇ ಇದರ ಅರ್ಥ. ಅವು ಬಿಟಿ ಬರುವ ಮೊದಲೇ ಇದ್ದವೋ, ಬಂದ ಮೇಲೆ ಹುಟ್ಟಿದವೋ ಎಂಬುದರಲ್ಲಿ ಒಮ್ಮತವಿಲ್ಲ.

ಈ ನಿರೋಧ ಗುಣ ಸಾಮಾನ್ಯವಾಗಿ ಅಪ್ರಬಲ. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಅದಕ್ಕೇ ಬಿಟಿ ಹೊಲದ ಅಂಚಿನಲ್ಲಿ ಬಿಟಿ ಅಲ್ಲದ ಹತ್ತಿಯ ಆಶ್ರಯ ಸಾಲುಗಳನ್ನು ಹಾಕಲು ಹೇಳುವುದು. ಅಲ್ಲಿ ಬೆಳೆದ ಸಾಮಾನ್ಯ ಪತಂಗಗಳು ನಿರೋಧಿ ಪತಂಗಗಳ ಜೊತೆ ಕೂಡಿದರೆ ಮುಂದಿನ ಪೀಳಿಗೆ ವಿಷಕ್ಕೆ ಬಲಿಯಾಗುತ್ತದೆ. ಅಮೆರಿಕದ ಅರಿಝೋನಾದಲ್ಲಿ ಈ ನಿಯಮ ಪಾಲಿಸಿದರು, ಬಂಜೆ ಪತಂಗಗಳನ್ನು ಬಿಟ್ಟರು, 2018ರಲ್ಲಿ ಹುಳು ನಿರ್ಮೂಲವಾಯಿತೆಂದು ಘೋಷಿಸಿದರು. ಚೀನಾದ ಯಾಂಗ್‌ಟ್ಸಿ ಕಣಿವೆಯ ರೈತರು ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜ ಬಿತ್ತಿದ್ದರಿಂದ ಹೊಲದಲ್ಲೇ ಬಿಟಿ ಅಲ್ಲದ ಗಿಡಗಳು ಬೆರೆತು ನಿರೋಧ ತಗ್ಗಿತು. ನಮ್ಮಲ್ಲಿ ಹಿಡುವಳಿ ಚಿಕ್ಕದು, ಆಶ್ರಯ ಸಾಲಿಗೆಂದು ಕೊಟ್ಟ ಬೀಜ ಬಹಳ ಕಡೆ ಮಣ್ಣಿಗೆ ಬೀಳಲೇ ಇಲ್ಲ. ಹುಳು ಒಂದೇ, ವಿಷ ಒಂದೇ, ಫಲ ಮಾತ್ರ ಮೂರು ದೇಶಗಳಲ್ಲಿ ಮೂರು ತೆರ. ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ಹೈಬ್ರಿಡ್ ತಳಿಗಳ ಒಂದೇ ಕಾಯಿಯೊಳಗೆ ವಿಷವಿರುವ, ವಿಷವಿಲ್ಲದ ಬೀಜಗಳು ಅಕ್ಕಪಕ್ಕದಲ್ಲಿ ಇರುತ್ತವೆ. ಅರ್ಧ ನಿರೋಧವಿದ್ದ ಹುಳುವೂ ಅದರಿಂದ ಬದುಕಿಕೊಳ್ಳುತ್ತದೆ ಎಂಬ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇದೇ ಪಂಥಕ್ಕೆ ಸೇರಿಸಬಹುದಾದ ಇನ್ನೊಂದು ಉದಾಹರಣೆ ನಗರದ ಬೆಳಕಿನದು. ಸ್ವಿಟ್ಜರ್ಲೆಂಡಿನ ಬಾಸೆಲ್ ಸುತ್ತಮುತ್ತಲ ಹತ್ತು ಕಡೆಗಳಿಂದ ಅರ್ಮಿನ್ ಪತಂಗದ ಮರಿಗಳನ್ನು ತಂದು ಒಂದೇ ಪರಿಸರದಲ್ಲಿ ಸಾಕಿ, 1,048 ಪತಂಗಗಳನ್ನು ದೀಪದ ಮುಂದೆ ಬಿಟ್ಟರು. ಬೆಳಕು ತುಂಬಿದ ಊರುಗಳಿಂದ ಬಂದವು ಕತ್ತಲ ಹಳ್ಳಿಗಳವಕ್ಕಿಂತ ಶೇ 30ರಷ್ಟು ಕಡಿಮೆ ದೀಪದ ಕಡೆ ಹಾರಿದವು. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಅವುಗಳ ರೆಕ್ಕೆಯೂ ಚಿಕ್ಕದಾಗಿದೆ ಎಂದು 2024ರಲ್ಲಿ ಗೊತ್ತಾಯಿತು. ದೀಪಕ್ಕೆ ಮುಗಿಬೀಳುವುದೇ ಪತಂಗದ ಸ್ವಭಾವ ಎಂದು ಕವಿಗಳೂ ನಾವೂ ನಂಬಿಕೊಂಡು ಬಂದಿದ್ದೇವೆ. ಆ ಸ್ವಭಾವವೂ ಕೆಲವೇ ದಶಕಗಳಲ್ಲಿ ಸಡಿಲಗೊಳ್ಳಬಲ್ಲದು.

ನೆಂಟರಿಂದ ಪಡೆದ ಗುಣ

ಮೂರನೆಯ ವಿಚಾರ ತೀರ ಇತ್ತೀಚಿನದು. ಕಲಬುರಗಿಯ ತೊಗರಿ ಬೆಳೆಗಾರರಿಗೆ ಚಿರಪರಿಚಿತವಾದ ಕಾಯಿಕೊರಕ, ಹೆಲಿಕೊವರ್ಪ ಆರ್ಮಿಜೆರ, 2013ರಲ್ಲಿ ಬ್ರೆಜಿಲ್‌ನಲ್ಲಿ ಪತ್ತೆಯಾಯಿತು. ಅಲ್ಲಿ ಅದರ ಹತ್ತಿರದ ನೆಂಟ ಹೆಲಿಕೊವರ್ಪ ಝಿಯ ಮೊದಲಿನಿಂದ ಇತ್ತು. ಸುಮಾರು 15 ಲಕ್ಷ ವರ್ಷ ದೂರವಾಗಿದ್ದ ಎರಡು ಪ್ರಭೇದಗಳು ಅಲ್ಲಿ ಕೂಡಿದವು. ಪೈರಿಥ್ರಾಯ್ಡ್ ಕೀಟನಾಶಕವನ್ನು ಅರಗಿಸಿಕೊಳ್ಳುವ ಒಂದು ವಂಶವಾಹಿ ಆರ್ಮಿಜೆರದಿಂದ ಝಿಯಕ್ಕೆ ದಾಟಿ ಕೆಲವೇ ವರ್ಷಗಳಲ್ಲಿ ಹರಡಿತು ಎಂದು 2020ರಲ್ಲಿ ಡಿಎನ್‌ಎ ಅಧ್ಯಯನ ತೋರಿಸಿತು. ಸಿದ್ಧವಾದ ಗುಣವೊಂದು ಗಡಿ ದಾಟಿ ಬರುವುದಾದರೆ, ಒಂದು ದೇಶದಲ್ಲಿ ನಿಯಮ ಪಾಲಿಸಿದ್ದೂ ಇನ್ನೊಂದು ಕಡೆಯ ಅಜಾಗರೂಕತೆಯಿಂದ ವ್ಯರ್ಥವಾದೀತು.

ಮೈ ಮೊದಲು, ವಂಶವಾಹಿ ಆಮೇಲೆ

ನಾಲ್ಕನೆಯ ಪಂಥ ಎಲ್ಲರಿಗಿಂತ ಧೈರ್ಯದ್ದು, ಎಲ್ಲರಿಗಿಂತ ವಿವಾದದ್ದೂ ಹೌದು. ಅಮೆರಿಕದ ನೈಋತ್ಯದ ಓಕ್ ಮರಗಳಲ್ಲಿರುವ ನೆಮೋರಿಯ ಅರಿಝೋನೇರಿಯ ಪತಂಗದ ಮರಿ ವಸಂತದಲ್ಲಿ ಹೂಗೊಂಚಲು ತಿಂದು ಹೂಗೊಂಚಲಿನಂತೆಯೇ ಬೆಳೆಯುತ್ತದೆ, ಬೇಸಿಗೆಯ ಮರಿ ಎಲೆ ತಿಂದು ಕಡ್ಡಿಯಂತಾಗುತ್ತದೆ. ಎಲೆಯ ಟ್ಯಾನಿನ್ ಈ ವ್ಯತ್ಯಾಸಕ್ಕೆ ಕಾರಣ ಎಂದು ಎರಿಕ್ ಗ್ರೀನ್ 1989ರಲ್ಲಿ ತೋರಿಸಿದರು. ವಂಶವಾಹಿಗಳು ಅವೇ, ದೇಹ ಎರಡು ಬಗೆ. ಹೀಗೆ ಪರಿಸರಕ್ಕೆ ತಕ್ಕಂತೆ ಬಾಗುವ ಗುಣವೇ ಮೊದಲು ಬಂದು, ಆಮೇಲೆ ವಂಶವಾಹಿಗಳಲ್ಲಿ ನೆಲೆಗೊಳ್ಳುವುದು ಸಾಧ್ಯವೇ?

ಡ್ಯೂಕ್ ವಿಶ್ವವಿದ್ಯಾಲಯದ ಸುಜುಕಿ ಮತ್ತು ನೈಹೌಟ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ತಂಬಾಕು ಹುಳುವಿನ ಕಪ್ಪು ತಳಿಯ ಮರಿಗಳಿಗೆ ಬಿಸಿಯ ಆಘಾತ ಕೊಟ್ಟಾಗ ಕೆಲವು ಹಸಿರಾದವು. ಹೆಚ್ಚು ಹಸಿರಾದವನ್ನೇ ಆರಿಸಿ ಬೆಳೆಸುತ್ತ ಹೋದರು. 13 ತಲೆಮಾರಿನಲ್ಲಿ, ತಂಪಿನಲ್ಲಿ ಕಪ್ಪು, ಬಿಸಿಯಲ್ಲಿ ಹಸಿರು ಎಂಬ ಹೊಚ್ಚಹೊಸ ಗುಣವಿರುವ ತಳಿ ಸಿದ್ಧವಾಯಿತು. ಕಾರಣ ಹಾರ್ಮೋನೊಂದರ ಮಟ್ಟದ ಏರಿಳಿತ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಈ ಕೆಲಸ ಬಹಳ ಸುಂದರ, ಆದರೆ ಪ್ರಯೋಗಶಾಲೆಯದು. ಕಾಡಿನಲ್ಲಿ ಇದೇ ದಾರಿಯಲ್ಲಿ ಸಾಗಿದ ಪತಂಗವನ್ನು ಬೆರಳಿಟ್ಟು ತೋರಿಸುವವರೆಗೆ ಈ ಪಂಥವನ್ನು ಸಾಧ್ಯತೆ ಎನ್ನಬೇಕೇ ಹೊರತು ಸಿದ್ಧಾಂತ ಎನ್ನಬಾರದು.

ಹವಾಯಿ ಕೊಡುವ ಎಚ್ಚರಿಕೆ

ವಿಚಿತ್ರವಾಗಿ ಕಂಡದ್ದೆಲ್ಲ ವೇಗವಾಗಿ ಆದದ್ದಲ್ಲ. ಹವಾಯಿ ದ್ವೀಪಗಳ ಹೈಪೊಸ್ಮೊಕೋಮ ಪತಂಗಗಳಲ್ಲಿ ಒಂದರ ಮರಿ ಬಸವನಹುಳುವನ್ನು ರೇಷ್ಮೆ ಎಳೆಯಿಂದ ಎಲೆಗೆ ಬಿಗಿದು ಕಟ್ಟಿ, ಚಿಪ್ಪಿನೊಳಗೆ ನುಗ್ಗಿ ತಿನ್ನುತ್ತದೆ. ಕೆಲವು ನೀರಿನಲ್ಲೂ ನೆಲದಲ್ಲೂ ಬದುಕುತ್ತವೆ. 2025ರಲ್ಲಿ ವರದಿಯಾದ ಇನ್ನೊಂದು ಜೇಡರ ಬಲೆಯ ಬಳಿ ಬಿದ್ದ ಸತ್ತ ಕೀಟಗಳ ಅಂಗಗಳನ್ನು ಮೈಗೂಡಿಗೆ ಹೊದ್ದು ತಿರುಗುತ್ತದೆ. ಇಷ್ಟೆಲ್ಲ ಚಮತ್ಕಾರ ಕ್ಷಣಾರ್ಧದಲ್ಲಿ ಆಗಿರಬೇಕು ಎನ್ನಿಸುತ್ತದೆ. ಆದರೆ ಡಿಎನ್‌ಎ ಲೆಕ್ಕದಂತೆ ಈ ಬಳಗ ಹವಾಯಿಗೆ ಬಂದು ಸುಮಾರು 1.5 ಕೋಟಿ ವರ್ಷವಾಗಿದೆ. ಈಗಿರುವ ದೊಡ್ಡ ದ್ವೀಪಗಳು ಆಗ ಹುಟ್ಟಿಯೇ ಇರಲಿಲ್ಲ. 1960ರಲ್ಲಿ ಎಲ್ವುಡ್ ಝಿಮ್ಮರ್‌ಮನ್ ಇದೇ ದ್ವೀಪಗಳ ಬಗ್ಗೆ ಇನ್ನೊಂದು ವಾದ ಮುಂದಿಟ್ಟಿದ್ದರು. ಬಾಳೆಯನ್ನೇ ತಿನ್ನುವ ಕೆಲವು ಪತಂಗ ಪ್ರಭೇದಗಳು ಅಲ್ಲಿವೆ, ಬಾಳೆಯನ್ನು ಅಲ್ಲಿಗೆ ತಂದವರು ಪಾಲಿನೇಷಿಯನ್ನರು, ಆದ್ದರಿಂದ ಆ ಪ್ರಭೇದಗಳು ಸುಮಾರು ಸಾವಿರ ವರ್ಷದಲ್ಲೇ ಹುಟ್ಟಿರಬೇಕು. ತರ್ಕ ಆಕರ್ಷಕ, ಆದರೆ ಒಂದು ರಂಧ್ರವಿದೆ. ಅವು ಮೊದಲು ತಾಳೆ ಜಾತಿಯ ಮರಗಳ ಮೇಲಿದ್ದು, ಬಾಳೆ ಬಂದ ಮೇಲೆ ಅತ್ತ ವಲಸೆ ಹೋಗಿರಬಹುದು. ಆಹಾರ ಹೊಸದಾದ ಮಾತ್ರಕ್ಕೆ ಪ್ರಭೇದವೂ ಹೊಸದೆನ್ನಲಾಗದು.

ಇತ್ಯರ್ಥವಾಗದೆ ಉಳಿದದ್ದು

ನಾಲ್ಕು ಪಂಥಗಳಲ್ಲಿ ಒಂದನ್ನೇ ಗೆಲ್ಲಿಸುವ ಹಟ ನನಗೆ ಸರಿಕಾಣುವುದಿಲ್ಲ. ಬಣ್ಣದಂತಹ ಗುಣ ಒಂದೇ ಏಟಿಗೆ ಬದಲಾಗಬಲ್ಲದು, ವಿಷನಿರೋಧಕ್ಕೆ ಹತ್ತು ಬಾಗಿಲುಗಳಿವೆ, ಬೆಳಕಿನ ಸೆಳೆತದಂಥ ಸ್ವಭಾವದ ಹಿಂದೆ ಎಷ್ಟು ವಂಶವಾಹಿಗಳಿವೆಯೋ ಯಾರೂ ಎಣಿಸಿಲ್ಲ. ವೇಗವನ್ನು ನಿರ್ಧರಿಸಿದ್ದು ಪ್ರತಿಸಲವೂ ಒತ್ತಡದ ತೀವ್ರತೆ. ಇಲ್ಲಿ ಹೇಳಿದ ಪ್ರತಿಯೊಂದು ವೇಗದ ಬದಲಾವಣೆಯಲ್ಲೂ ಆ ಒತ್ತಡ ಹೇರಿದವನು ಮನುಷ್ಯ.

ಉಳಿದ ಪ್ರಶ್ನೆಗಳು ಸಣ್ಣವಲ್ಲ. ಬಾಸೆಲಿನ ಪತಂಗಗಳನ್ನು ಬದಲಿಸಿದ್ದು ದೀಪವೋ, ತುಂಡುತುಂಡಾದ ನಗರದ ಹಸಿರೋ? ರೆಕ್ಕೆ ಚಿಕ್ಕದಾದ ಪತಂಗ ದೂರ ಹಾರದಿದ್ದರೆ ಇರುಳಲ್ಲಿ ಅರಳುವ ಹೂಗಳ ಪರಾಗಸ್ಪರ್ಶದ ಗತಿಯೇನು? ಹೊಗೆ ನಿಂತಮೇಲೆ ಬಿಳಿ ಪತಂಗ ಮರಳಿತು, ವಿಷ ನಿಂತರೆ ಕಾಯಿಕೊರಕದ ನಿರೋಧವೂ ಹಾಗೆಯೇ ಇಳಿಯುತ್ತದೆಯೇ? ಇದೆಲ್ಲಕ್ಕಿಂತ ಕಷ್ಟದ್ದು, ಮುಂದಿನ ಬದಲಾವಣೆಯನ್ನು ಮೊದಲೇ ಊಹಿಸುವುದು ಸಾಧ್ಯವೇ ಎಂಬುದು.

ಇವಕ್ಕೆ ಉತ್ತರ ಬೇಕಾದರೆ ಒಂದೇ ಜಾಗದಲ್ಲಿ ದಶಕಗಟ್ಟಲೆ ನಡೆದ ಎಣಿಕೆ ಬೇಕು. ಕ್ಯಾಲ್ಡಿಯ ಅಂಕಿಅಂಶ ಬಂದದ್ದು ಯಾವ ದೊಡ್ಡ ಯೋಜನೆಯಿಂದಲೂ ಅಲ್ಲ, ಒಬ್ಬ ವೈದ್ಯರ ಬಿಡುವಿನ ಹವ್ಯಾಸದಿಂದ. ನಮ್ಮಲ್ಲೂ ರಾತ್ರಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ ಪತಂಗಗಳ ಚಿತ್ರ ತೆಗೆಯುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಒಂದು ವಿನಂತಿ: ಚಂದದ ಒಂದು ಪತಂಗದ ಚಿತ್ರಕ್ಕೆ ತೃಪ್ತರಾಗದೆ, ಬಂದವೆಷ್ಟು, ಯಾವ ಬಣ್ಣದವು, ಯಾವ ದಿನ, ಯಾವ ಊರು ಎಂದು ಬರೆದಿಡಿ, ಮುಂದಿನ ವರ್ಷವೂ ಅದೇ ಜಾಗದಲ್ಲಿ, ಅದೇ ದೀಪ ಹಚ್ಚಿ ಎಣಿಸಿ.